ಕೊಟ್ಟದ್ದು ಕೊಡುಗೆಯೋ, ಸಾಲವೋ?

ಬೇಸಿಗೆ ರಜೆಯ ಒಂದು ಭಾನುವಾರ, ಎರಡನೆಯ ಪೂಜೆ ಮುಗಿದ ಮೇಲೆ ನಮ್ಮ ಧರ್ಮಕೇಂದ್ರದ ಒಂದು ಕುಟುಂಬ ಗುರುನಿವಾಸಕ್ಕೆ ಬಂತು. ತಂದೆ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ದುಡಿಯುವವರು. ತಾಯಿ ಮನೆಯಲ್ಲೇ ಹೊಲಿಗೆ ಮಾಡುತ್ತಾರೆ. ಹನ್ನೊಂದು ವರ್ಷದ ಮಗಳು, ಎಂಟು ವರ್ಷದ ಮಗ. ಮಗಳು ಬಹಳ ಚೆನ್ನಾಗಿ ಈಜುತ್ತಾಳೆ. ದಿನಾ ಬೆಳಿಗ್ಗೆ ತಂದೆ ಸ್ಕೂಟರಿನಲ್ಲಿ ಕೂರಿಸಿಕೊಂಡು ಸರಸ್ವತಿಪುರಂನ ವಿಶ್ವವಿದ್ಯಾನಿಲಯದ ಈಜುಕೊಳಕ್ಕೆ ಬಿಟ್ಟು, ಅಲ್ಲಿಂದ ಕೆಲಸಕ್ಕೆ ಹೋಗುತ್ತಾರೆ. ತಂದೆಗೆ ಮಾತ್ರ ಈಜು ಬರುವುದಿಲ್ಲ. ನೀರು ಕಂಡರೆ ಭಯ ಎಂದು ಅವರೇ ನಗುತ್ತಾ ಹೇಳಿದರು.

ಬಂದ ವಿಷಯ ಇದು. ಮಗಳನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಿ ತರಬೇತಿ ಕೊಡಿಸಿದರೆ ಮುಂದೆ ಬರುತ್ತಾಳೆ ಎಂದು ತಿಳಿದವರು ಹೇಳಿದ್ದಾರೆ. ತಾಯಿ ಮಗಳೊಂದಿಗೆ ಅಲ್ಲಿ ಬಾಡಿಗೆ ಮನೆ ಮಾಡಬೇಕು. ತಂದೆ, ಮಗ ಇಲ್ಲಿರಬೇಕು. ಖರ್ಚಿಗೆ, ಕಂತು ಕಟ್ಟಿ ಕೊಂಡಿದ್ದ ಒಂದು ಮೂವತ್ತು ನಲವತ್ತರ ಸೈಟು ಮಾರಬೇಕು. "ಸೈಟು ಮಾರಿದ್ರೆ ಏಳೆಂಟು ವರ್ಷ ತಳ್ಳಬಹುದು ಸ್ವಾಮಿ. ಆಮೇಲೆ ಅವಳೇ ನಮ್ಮನ್ನೆಲ್ಲ ನೋಡ್ಕೊತಾಳೆ," ಎಂದರು ತಂದೆ.

ಆ ಹುಡುಗಿ ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತಿದ್ದಳು. ತಂದೆಯ ಕೊನೆಯ ಮಾತು ಕೇಳಿ ತಲೆಯೆತ್ತಿ ನೋಡಿದಳು, ಮತ್ತೆ ತಲೆ ತಗ್ಗಿಸಿದಳು. ಅವಳ ತಮ್ಮ ಅಂಗಳದಲ್ಲಿ ಚೆಂಡು ಒದೆಯುತ್ತಿದ್ದ.

ಅಂದು ನಾನು ನೇರ ಉತ್ತರ ಕೊಡಲಿಲ್ಲ. "ಯೋಚನೆ ಮಾಡೋಣ, ಪ್ರಾರ್ಥನೆ ಮಾಡೋಣ" ಎಂದು ಕಳುಹಿಸಿದೆ. ಉತ್ತರ ಗೊತ್ತಿಲ್ಲದಾಗ ನಾವು ಗುರುಗಳು ಹೀಗೆ ಹೇಳುವುದುಂಟು. ಆದರೆ "ಅವಳೇ ನಮ್ಮನ್ನೆಲ್ಲ ನೋಡ್ಕೊತಾಳೆ" ಎಂಬ ಮಾತು ಮನಸ್ಸಿನಿಂದ ಹೋಗಲಿಲ್ಲ. ಅದು ಕೆಟ್ಟ ಮಾತಲ್ಲ. ಮಕ್ಕಳು ವಯಸ್ಸಾದ ತಂದೆತಾಯಿಯನ್ನು ನೋಡಿಕೊಳ್ಳಬೇಕು ಎಂಬುದು ದೇವರ ಕಟ್ಟಳೆಯೇ. ಆದರೂ ಹನ್ನೊಂದು ವರ್ಷದ ಮಗುವಿನ ಈಜಿನ ಮೇಲೆ ಒಂದು ಸೈಟಿನ ಭಾರವನ್ನು ಹೊರಿಸಿದಾಗ ಆ ಮಗು ನೀರಿನಲ್ಲಿ ತೇಲುವುದು ಹೇಗೆ?

ಈ ಪ್ರಶ್ನೆಯನ್ನು ಇಟ್ಟುಕೊಂಡು ನಮ್ಮ ನಾಡಿನ ಒಬ್ಬ ಈಜುಗಾರ್ತಿಯ ಜೀವನವನ್ನು ಮತ್ತೊಮ್ಮೆ ನೆನಪಿಸಿಕೊಂಡೆ. ಅವರ ಹೆಸರು ನಿಶಾ ಮಿಲೆಟ್. 2000ದ ಸುಮಾರಿನಲ್ಲಿ ಪತ್ರಿಕೆ ಓದುತ್ತಿದ್ದವರಿಗೆಲ್ಲ ಈ ಹೆಸರು ಗೊತ್ತು.

ನಿಶಾ 1982ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ಐದು ವರ್ಷದವಳಿದ್ದಾಗ ನೀರಿನಲ್ಲಿ ಮುಳುಗಿ ಸಾಯುವ ಹಂತಕ್ಕೆ ಹೋಗಿ ಬದುಕಿದ ಮಗು. ಹಾಗಾದ ಮೇಲೆ ಯಾವ ತಂದೆತಾಯಿಯಾದರೂ ಏನು ಮಾಡುತ್ತಾರೆ? ನಮ್ಮಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಮಗುವನ್ನು ಮತ್ತೆ ನೀರಿನ ಹತ್ತಿರಕ್ಕೂ ಬಿಡುವುದಿಲ್ಲ. ಆ ತಂದೆ ಹಾಗೆ ಮಾಡಲಿಲ್ಲ. ಮಗಳು ಈಜು ಕಲಿಯಲೇಬೇಕು ಎಂದು ಹಟ ಹಿಡಿದರು. ಆಗ ಚೆನ್ನೈನಲ್ಲಿದ್ದ ಆ ಕುಟುಂಬದಲ್ಲಿ, 1991ರಲ್ಲಿ ಅಲ್ಲಿಯ ಶೆಣೈ ನಗರದ ಕ್ಲಬ್ಬಿನಲ್ಲಿ, ತಂದೆಯೇ ಮಗಳಿಗೆ ಈಜು ಕಲಿಸಿದರು. ನೀರಿಗೆ ಹೆದರಿದ ಮಗು ಮರುವರ್ಷವೇ, 1992ರಲ್ಲಿ, 50 ಮೀಟರ್ ಫ್ರೀಸ್ಟೈಲ್‌ನಲ್ಲಿ ರಾಜ್ಯಮಟ್ಟದ ಪದಕ ಗೆದ್ದಿತು. 1994ರಲ್ಲಿ ಹಾಂಗ್‌ಕಾಂಗ್‌ನ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಭಾರತದ ಪರವಾಗಿ ಈಜಿತು. ಆಗ ವಯಸ್ಸು ಹನ್ನೆರಡು.

ಮುಂದಿನದು ದೊಡ್ಡ ಏರಿಕೆ. 1999ರಲ್ಲಿ ಮಣಿಪುರದಲ್ಲಿ ನಡೆದ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ನಿಶಾ ಒಬ್ಬರೇ 14 ಚಿನ್ನದ ಪದಕ ಗೆದ್ದರು. 100 ಮೀಟರ್ ಫ್ರೀಸ್ಟೈಲ್ ಅನ್ನು ಒಂದು ನಿಮಿಷದ ಒಳಗೆ ಈಜಿದ ಮೊದಲ ಭಾರತೀಯ ಮಹಿಳೆ ಎನಿಸಿದರು. 2000ದಲ್ಲಿ ಅರ್ಜುನ ಪ್ರಶಸ್ತಿ ಬಂತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಸಿಡ್ನಿ ಒಲಿಂಪಿಕ್ಸ್, 200 ಮೀಟರ್ ಫ್ರೀಸ್ಟೈಲ್. ಅಲ್ಲಿ ತಮ್ಮ ಹೀಟ್‌ನಲ್ಲಿ ಅವರು ಮೊದಲಿಗರಾಗಿ ಗೋಡೆ ಮುಟ್ಟಿದರು. ಆದರೆ ಸೆಮಿಫೈನಲ್‌ಗೆ ಹೋಗಲಿಲ್ಲ.

ಗೆದ್ದವರು ಮುಂದಕ್ಕೆ ಹೋಗಲಿಲ್ಲವೆಂದರೆ ಹೇಗೆ ಎಂದು ಕೆಲವರಿಗೆ ಅನ್ನಿಸಬಹುದು. ಒಲಿಂಪಿಕ್ಸ್‌ನ ಈಜಿನಲ್ಲಿ ಒಂದು ಹೀಟ್‌ನಲ್ಲಿ ಎಂಟು ಮಂದಿ ಈಜುತ್ತಾರೆ. ಸ್ಪರ್ಧಿಗಳು ಮೊದಲೇ ದಾಖಲಿಸಿದ ವೇಳೆಯನ್ನು ನೋಡಿ, ನಿಧಾನದವರನ್ನು ಮೊದಲ ಹೀಟ್‌ಗಳಲ್ಲಿ, ಅತಿ ವೇಗದವರನ್ನು ಕೊನೆಯ ಹೀಟ್‌ಗಳಲ್ಲಿ ಹಾಕುತ್ತಾರೆ. ಎಲ್ಲ ಹೀಟ್‌ಗಳ ವೇಳೆಯನ್ನೂ ಒಟ್ಟಿಗೆ ಇಟ್ಟು ಮೊದಲ 16 ಮಂದಿಯನ್ನು ಮಾತ್ರ ಸೆಮಿಫೈನಲ್‌ಗೆ ಆರಿಸುತ್ತಾರೆ. ಆದ್ದರಿಂದ ಪಕ್ಕದ ಲೇನಿನವರನ್ನೆಲ್ಲ ಹಿಂದೆ ಹಾಕಿದರೂ, ಇನ್ನೂ ನೀರಿಗಿಳಿಯದವರಿಗೆ ಸೋಲಬಹುದು. ಗಡಿಯಾರದ ಮುಂದೆ ಹೀಟ್‌ನ ಗೆಲುವು ಗೆಲುವಲ್ಲ.

ಅದೇ ಸಿಡ್ನಿಯ ಕೊಳದಲ್ಲಿ ಇನ್ನೊಬ್ಬರು ಕೂಡ ಹೀಟ್ ಗೆದ್ದರು. ಆಫ್ರಿಕಾದ ಈಕ್ವಟೋರಿಯಲ್ ಗಿನಿ ಎಂಬ ಪುಟ್ಟ ದೇಶದ ಎರಿಕ್ ಮುಸ್ಸಂಬಾನಿ. ಅವರು ಈಜು ಕಲಿತು ವರ್ಷವೂ ಆಗಿರಲಿಲ್ಲ. ಒಂದು ಹೋಟೆಲಿನ ಚಿಕ್ಕ ಕೊಳದಲ್ಲಿ ಅಭ್ಯಾಸ ಮಾಡಿದವರು. 50 ಮೀಟರ್ ಉದ್ದದ ಕೊಳವನ್ನು ಸಿಡ್ನಿಗೆ ಬರುವವರೆಗೆ ಕಂಡಿರಲೇ ಇಲ್ಲ. ಅವರ ಜೊತೆ ನಿಂತಿದ್ದ ಇಬ್ಬರು ಸಂಕೇತಕ್ಕೆ ಮೊದಲೇ ನೀರಿಗೆ ಬಿದ್ದು ಅನರ್ಹರಾದರು. ಒಬ್ಬರೇ 100 ಮೀಟರ್ ಈಜಿ, ಕೊನೆಯ ಕೆಲವು ಮೀಟರ್‌ಗಳಲ್ಲಿ ಮುಳುಗಿಯೇ ಹೋಗುತ್ತಾರೆ ಎನ್ನುವಂತಾಗಿ, 1 ನಿಮಿಷ 52.72 ಸೆಕೆಂಡ್‌ಗಳಲ್ಲಿ ಗೋಡೆ ಮುಟ್ಟಿದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆಗ ಹಲವರು ಇದನ್ನು ತಮಾಷೆ ಎಂದು ಬರೆದರು. ನನಗೆ ಹಾಗೆ ಅನ್ನಿಸಲಿಲ್ಲ. 2012ರಲ್ಲಿ ಆತ ತನ್ನ ದೇಶದ ಈಜು ತಂಡಕ್ಕೆ ತರಬೇತುದಾರನಾದ ಎಂದು ಓದಿದಾಗ ಸಂತೋಷವಾಯಿತು.

ನಿಶಾ ಅವರ ಕಥೆಗೆ ಬರೋಣ. 2002ರಲ್ಲಿ ಬೆನ್ನಿಗೆ ಶಸ್ತ್ರಚಿಕಿತ್ಸೆಯಾಯಿತು. ಮತ್ತೆ ನೀರಿಗೆ ಇಳಿದರು. 2004ರ ಅಥೆನ್ಸ್ ಒಲಿಂಪಿಕ್ಸ್‌ಗೆ ಪ್ರಯತ್ನಿಸಿದರು, ಸ್ವಲ್ಪದರಲ್ಲಿ ತಪ್ಪಿತು. ಆ ಮೇಲೆ ಸ್ಪರ್ಧೆಯಿಂದ ನಿವೃತ್ತರಾದರು. ವಯಸ್ಸು ಇಪ್ಪತ್ತೆರಡರ ಸುಮಾರು. ಆ ವಯಸ್ಸಿನಲ್ಲಿ ನಮ್ಮ ಎಷ್ಟೋ ಮಕ್ಕಳಿಗೆ ಮೊದಲ ಕೆಲಸವೇ ಸಿಕ್ಕಿರುವುದಿಲ್ಲ. ಈಜುಗಾರರಿಗೆ ಆಗಲೇ ಸಂಜೆ.

ಈಗ ಲೆಕ್ಕ ಹಾಕಿ ನೋಡಿ. ಹನ್ನೆರಡು ಹದಿಮೂರು ವರ್ಷಗಳ ಮುಂಜಾವು. ಈ ಮಟ್ಟದ ಈಜು ಎಂದರೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಕೊಳಕ್ಕೆ ಹೋಗುವುದು. ದಿನಕ್ಕೆ ಹಲವು ಕಿಲೋಮೀಟರ್ ಅದೇ ಕಪ್ಪು ಗೆರೆಯನ್ನು ನೋಡುತ್ತಾ ಹೋಗುವುದು, ಬರುವುದು. ಮನೆಯವರ ಹಣ, ಓಡಾಟ, ನಿದ್ದೆ. ಕೊನೆಗೆ ಒಲಿಂಪಿಕ್ಸ್‌ನಲ್ಲಿ ಎರಡು ನಿಮಿಷಕ್ಕಿಂತ ತುಸು ಹೆಚ್ಚಿನ ಒಂದು ಈಜು. ಇದನ್ನು ಬಂಡವಾಳ ಎಂದು ಎಣಿಸಿದರೆ ನಷ್ಟವೇ ನಷ್ಟ. ಯಾವ ಬ್ಯಾಂಕಿನವರೂ ಇಂಥದ್ದಕ್ಕೆ ಸಾಲ ಕೊಡುವುದಿಲ್ಲ.

ಆದರೆ ಆ ತಂದೆ ಮಗಳನ್ನು ನೀರಿಗೆ ಇಳಿಸಿದ್ದು ಯಾತಕ್ಕೆ? ಪದಕಕ್ಕಲ್ಲ. ಮುಳುಗಬಾರದು ಎಂದು. ಆ ಉದ್ದೇಶ ಸಿಡ್ನಿಗೆ ಒಂಬತ್ತು ವರ್ಷ ಮೊದಲೇ, ಶೆಣೈ ನಗರದ ಕೊಳದಲ್ಲಿ ಮಗು ಕೈ ಬಿಟ್ಟು ತೇಲಿದ ದಿನವೇ ಪೂರೈಸಿತ್ತು. ಅಲ್ಲಿಂದ ಮುಂದಿನದೆಲ್ಲ, ಹದಿನಾಲ್ಕು ಚಿನ್ನವಾಗಲಿ ಒಲಿಂಪಿಕ್ಸ್ ಆಗಲಿ, ತುಂಬಿದ ಪಾತ್ರೆಯಿಂದ ಹೊರಚೆಲ್ಲಿದ್ದು. ಲೆಕ್ಕವನ್ನು ಪದಕದಿಂದ ಶುರು ಮಾಡಿದರೆ ಆ ಜೀವನ ಅರ್ಧಕ್ಕೆ ನಿಂತಂತೆ ಕಾಣುತ್ತದೆ. ಮುಳುಗಿದ ಆ ಐದು ವರ್ಷದ ಮಗುವಿನಿಂದ ಶುರು ಮಾಡಿದರೆ ಎಲ್ಲವೂ ಲಾಭ.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪ್ರತಿ ಬೇಸಿಗೆಯಲ್ಲೂ ಬಲಮುರಿಯಲ್ಲಿ, ತಲಕಾಡಿನಲ್ಲಿ, ನಾಲೆಗಳಲ್ಲಿ ಹುಡುಗರು ಮುಳುಗಿದ ಸುದ್ದಿ ಓದುತ್ತೇವೆ. ಸ್ನೇಹಿತರ ಜೊತೆ ಹೋದವನು, ಈಜು ಬಾರದವನು, ಮೊಣಕಾಲುದ್ದ ನೀರು ಎಂದು ಇಳಿದವನು. ಅಂಥ ಎರಡು ಅಂತ್ಯಸಂಸ್ಕಾರಗಳನ್ನು ನಾನೇ ನಡೆಸಿದ್ದೇನೆ. ಒಬ್ಬ ಹುಡುಗನಿಗೆ ತಂದೆತಾಯಿ ಎಲ್ಲವನ್ನೂ ಕೊಡಿಸಿದ್ದರು: ಬೈಕು, ಕಂಪ್ಯೂಟರು, ಒಳ್ಳೆಯ ಕಾಲೇಜು. ಯೆಹೂದ್ಯರ ಪ್ರಾಚೀನ ಗ್ರಂಥವಾದ ತಾಲ್ಮುದ್‌ನಲ್ಲಿ ತಂದೆ ಮಗನಿಗೆ ಮಾಡಬೇಕಾದ ಕರ್ತವ್ಯಗಳ ಪಟ್ಟಿಯಿದೆ. ಧರ್ಮಶಾಸ್ತ್ರ ಕಲಿಸಬೇಕು, ಮದುವೆ ಮಾಡಬೇಕು, ಒಂದು ಕಸುಬು ಕಲಿಸಬೇಕು. ಈಜನ್ನೂ ಕಲಿಸಬೇಕು ಎನ್ನುವ ಪಂಡಿತರೂ ಅಲ್ಲಿ ಇದ್ದಾರೆ. ಜೀವ ಅದರ ಮೇಲೆ ನಿಂತಿರಬಹುದು ಎಂಬುದು ಅವರ ಕಾರಣ. ಗುರುಮಠದಲ್ಲಿ ಇದನ್ನು ಮೊದಲ ಸಲ ಕೇಳಿದಾಗ ನಾವೆಲ್ಲ ನಕ್ಕಿದ್ದೆವು. ಆ ಎರಡು ಶವಪೆಟ್ಟಿಗೆಗಳ ಮುಂದೆ ನಿಂತ ಮೇಲೆ ನಗು ಬರುವುದಿಲ್ಲ.

ಕೊಡುಗೆ ಎಂದರೇನು? ಸಂತ ತೋಮಸ್ ಅಕ್ವಿನಾಸರು, ಅರಿಸ್ಟಾಟಲನ ಮಾತನ್ನು ಆಧಾರವಾಗಿಟ್ಟುಕೊಂಡು, ವಾಪಸು ಬರಲಿ ಎಂಬ ಉದ್ದೇಶವಿಲ್ಲದೆ ಕೊಟ್ಟದ್ದೇ ನಿಜವಾದ ಕೊಡುಗೆ ಎಂದು ವಿವರಿಸುತ್ತಾರೆ. ಅದರ ಮೂಲ ಪ್ರೀತಿ. ಒಬ್ಬರ ಒಳಿತನ್ನು ಬಯಸಿ ಕೊಡುತ್ತೇವೆ, ಅಷ್ಟೆ. ಇನ್ನೊಂದು ಕಡೆ ಅದೇ ಅರಿಸ್ಟಾಟಲ, ಮಗನು ತಂದೆಯಿಂದ ಪಡೆದದ್ದಕ್ಕೆ ಸಮನಾದುದನ್ನು ಎಂದಿಗೂ ಹಿಂತಿರುಗಿಸಲಾರ, ಹಾಗಾಗಿ ಸದಾ ಋಣಿ ಎನ್ನುತ್ತಾನೆ. ನಮ್ಮ ಹಿರಿಯರು ಹೇಳುವುದೂ ಇದನ್ನೇ: ಹೆತ್ತವರ ಋಣ ತೀರುವಂಥದ್ದಲ್ಲ. ಈ ಎರಡು ಮಾತುಗಳು ಒಂದಕ್ಕೊಂದು ವಿರುದ್ಧವೇ? ನನಗೆ ಹಾಗೆ ತೋರುವುದಿಲ್ಲ. ಋಣವನ್ನು ನೆನೆಯಬೇಕಾದವರು ಮಕ್ಕಳು. ಹೆತ್ತವರು ಅದರ ಪುಸ್ತಕ ಇಟ್ಟುಕೊಳ್ಳಬಾರದು. ತೀರಿಸಲು ಸಾಧ್ಯವೇ ಇಲ್ಲದ ಸಾಲವನ್ನು ವಸೂಲಿ ಮಾಡಲು ಹೊರಟ ತಂದೆ ಮಗುವನ್ನು ಜೀವನಪೂರ್ತಿ ಜೀತಕ್ಕೆ ಇಟ್ಟುಕೊಂಡಂತೆ.

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ. ಮಗುವಿನ ಇಷ್ಟಕ್ಕೇ ಬಿಟ್ಟರೆ ಯಾವ ಮಗು ತಾನೇ ಬೆಳಿಗ್ಗೆ ಐದು ಗಂಟೆಗೆ ತಣ್ಣೀರಿಗೆ ಇಳಿಯುತ್ತದೆ? ಒತ್ತಾಯವಿಲ್ಲದೆ ಯಾರೂ ಏನನ್ನೂ ಕಲಿತಿಲ್ಲ. ನಿಜ. ನಿಶಾ ಅವರ ತಂದೆಯೂ ಒತ್ತಾಯಿಸಿದವರೇ. ನೀರಿಗೆ ಹೆದರುವ ಮಗುವನ್ನು ಮತ್ತೆ ನೀರಿಗೆ ಕರೆದೊಯ್ಯುವುದಕ್ಕಿಂತ ದೊಡ್ಡ ಒತ್ತಾಯ ಯಾವುದಿದೆ? ಹಾಗಾಗಿ "ಮಗುವಿನ ಮನಸ್ಸಿಗೆ ಬಂದಂತೆ ಇರಲಿ" ಎಂದು ಕೈ ಚೆಲ್ಲುವುದನ್ನು ನಾನು ಪ್ರೀತಿ ಎಂದು ಕರೆಯಲಾರೆ. ಚಳಿಗೆ ಅಳುವ ಮಗುವನ್ನು ಮೂರನೆಯ ದಿನವೇ ಕೊಳದಿಂದ ಬಿಡಿಸಿ ಟಿ.ವಿ. ಮುಂದೆ ಕೂರಿಸುವ ತಂದೆತಾಯಿ ಮಗುವಿಗೆ ಏನನ್ನೂ ಕೊಟ್ಟಂತಾಗಲಿಲ್ಲ. ಕೊಡುಗೆ ಕಠಿಣವಾಗಿರಬಹುದು. ಅದು ಯಾರ ಒಳಿತಿಗಾಗಿ ಕಠಿಣವಾಗಿದೆ ಎಂಬುದನ್ನು ನೋಡಬೇಕು.

ಅದನ್ನು ತಿಳಿಯುವುದು ಹೇಗೆ? ನನಗೆ ತೋರಿದ ಒಂದು ದಾರಿ ಇದು. ಮಗು ಸೋತ ದಿನ, ಸ್ಕೂಟರಿನಲ್ಲಿ ಮನೆಗೆ ಬರುವಾಗ ನಾವು ಏನು ಹೇಳುತ್ತೇವೆ? "ನಿನಗೋಸ್ಕರ ನಾವು ಎಷ್ಟೆಲ್ಲ ಮಾಡಿದ್ವಿ" ಎಂಬ ಮಾತು ಬಾಯಿಗೆ ಬಂದರೆ, ಕೊಟ್ಟಾಗಲೇ ಎಲ್ಲೋ ಬರೆದಿಟ್ಟುಕೊಂಡಿದ್ದೆವು ಎಂದರ್ಥ. ಬಾಯಿಗೆ ಬಂದು ನುಂಗಿಕೊಂಡರೂ ಒಳ್ಳೆಯದೇ. ಮಕ್ಕಳಿಗೆ ನಮ್ಮ ಮೌನದ ಅರ್ಥವೂ ಗೊತ್ತಾಗುತ್ತದೆ ಎಂಬುದು ಬೇರೆ ವಿಷಯ.

ಈ ವಿಷಯದಲ್ಲಿ ನಾನು ತಪ್ಪು ಮಾಡಿದ್ದೇನೆ. ಹಿಂದೆ ನಾನಿದ್ದ ಒಂದು ಧರ್ಮಕೇಂದ್ರದಲ್ಲಿ ಬಲಿಪೀಠ ಸೇವೆಗೆ ಬರುತ್ತಿದ್ದ ಒಬ್ಬ ಹುಡುಗ ಜಿಲ್ಲಾ ಮಟ್ಟದ ಈಜಿನಲ್ಲಿ ಬಹುಮಾನ ಗೆದ್ದ. ಪೂಜೆಯ ಕೊನೆಯಲ್ಲಿ ಅವನನ್ನು ಮುಂದೆ ಕರೆದು ಚಪ್ಪಾಳೆ ಹೊಡೆಸಿದೆ. ಸಂತ ಪೌಲರು ಕೊರಿಂಥದವರಿಗೆ ಬರೆದ ಪತ್ರದ ಓಟದ ಉಪಮೆಯನ್ನೂ ಸೇರಿಸಿ ಮಾತನಾಡಿದೆ. ಮರುವರ್ಷ ಅವನು ಸೋತು ಬಂದ. ದೇವಾಲಯದ ಮೆಟ್ಟಿಲ ಮೇಲೆ, ಹತ್ತು ಜನರ ಎದುರಿಗೆ, "ಏನಪ್ಪಾ, ಈ ಸಲ ಏನಾಯ್ತು?" ಎಂದು ಕೇಳಿದೆ. ಕಾಳಜಿಯಿಂದಲೇ ಕೇಳಿದ್ದು. ಆದರೆ ಆ ನಂತರ ಅವನು ಬಲಿಪೀಠ ಸೇವೆಗೆ ಬರಲಿಲ್ಲ, ಈಜನ್ನೂ ಬಿಟ್ಟ. ನಾನು ತಟ್ಟಿಸಿದ ಚಪ್ಪಾಳೆಯೂ ಅವನಿಗೆ ಸಾಲವಾಗಿತ್ತು ಎಂಬುದು ನನಗೆ ಹೊಳೆಯಲು ಬಹಳ ವರ್ಷ ಬೇಕಾಯಿತು. ಪೌಲರು ಬರೆದದ್ದು ಬಾಡುವ ಕಿರೀಟಕ್ಕೂ ಬಾಡದ ಕಿರೀಟಕ್ಕೂ ಇರುವ ಅಂತರದ ಬಗ್ಗೆ. ಕ್ರೀಡಾ ದಿನಾಚರಣೆಗಳಲ್ಲಿ ನಾವು ಆ ಅರ್ಧವನ್ನು ಬಿಟ್ಟು ಬರೀ ಓಟದ ಅರ್ಧವನ್ನು ಹೇಳುತ್ತೇವೆ.

ಎಲ್ಲ ಪದಕಗಳನ್ನೂ ಗೆದ್ದವರಿಗಾದರೂ ಲೆಕ್ಕ ಸರಿಹೊಂದಿತೇ? ಅಮೆರಿಕದ ಮೈಕೆಲ್ ಫೆಲ್ಪ್ಸ್ ಒಲಿಂಪಿಕ್ಸ್‌ನಲ್ಲಿ 28 ಪದಕ ಗೆದ್ದವರು, ಅದರಲ್ಲಿ 23 ಚಿನ್ನ. ಅಷ್ಟನ್ನು ಬೇರೆ ಯಾರೂ ಗೆದ್ದಿಲ್ಲ. 2012ರ ಲಂಡನ್ ಒಲಿಂಪಿಕ್ಸ್ ಮುಗಿದ ಮೇಲೆ ತಾನು ಬದುಕುವುದೇ ಬೇಡ ಎನ್ನುವ ಸ್ಥಿತಿಗೆ ಹೋಗಿದ್ದೆ ಎಂದು ಅವರೇ ಬಹಿರಂಗವಾಗಿ ಹೇಳಿಕೊಂಡಿದ್ದಾರೆ. ಇನ್ನೊಬ್ಬ ಅಮೆರಿಕನ್ನರು ಆಂಥನಿ ಅರ್ವಿನ್. ಸಿಡ್ನಿಯಲ್ಲಿ 50 ಮೀಟರ್ ಫ್ರೀಸ್ಟೈಲ್‌ನಲ್ಲಿ ಅವರಿಗೂ ಗ್ಯಾರಿ ಹಾಲ್‌ಗೂ ಒಂದೇ ವೇಳೆ ಬಂದು, 21.98 ಸೆಕೆಂಡ್, ಇಬ್ಬರಿಗೂ ಚಿನ್ನ ಸಿಕ್ಕಿತು. ಮೂರು ವರ್ಷದಲ್ಲೇ ಅರ್ವಿನ್ ಈಜು ಬಿಟ್ಟರು. 2004ರ ಡಿಸೆಂಬರ್‌ನಲ್ಲಿ ಸುನಾಮಿ ಬಂದಾಗ ಆ ಚಿನ್ನದ ಪದಕವನ್ನು ಹರಾಜು ಹಾಕಿ, ಬಂದ ಸುಮಾರು 17 ಸಾವಿರ ಡಾಲರನ್ನು ಸಂತ್ರಸ್ತರಿಗೆ ಕೊಟ್ಟರು. ವೇಳಾಂಕಣ್ಣಿಯ ಕರಾವಳಿಯಲ್ಲಿ ಆ ಅಲೆಗಳು ಏನು ಮಾಡಿದವು ಎಂಬುದು ನಮ್ಮಲ್ಲಿ ಹಲವರಿಗೆ ಗೊತ್ತು. ಬೇಕಿಲ್ಲದೆ ಮಾರಿದ್ದೋ, ಪ್ರೀತಿಯಿಂದ ಕೊಟ್ಟದ್ದೋ, ಅವರ ಮನಸ್ಸನ್ನು ನಾನು ಬಲ್ಲೆನೆಂದು ಹೇಳಲಾರೆ. ಎಷ್ಟೋ ವರ್ಷ ಬಿಟ್ಟಿದ್ದ ನೀರಿಗೆ ಆತ ಮರಳಿ ಬಂದು, 2016ರಲ್ಲಿ ರಿಯೋದಲ್ಲಿ, 35ನೇ ವಯಸ್ಸಿನಲ್ಲಿ, ಅದೇ 50 ಮೀಟರ್‌ನಲ್ಲಿ ಮತ್ತೆ ಚಿನ್ನ ಗೆದ್ದರು.

ಗಡಿಯಾರದ ಬಗ್ಗೆ ಒಂದು ಸಣ್ಣ ವಿಷಯ ಹೇಳಿ ಮುಂದೆ ಹೋಗುತ್ತೇನೆ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ 400 ಮೀಟರ್ ಮೆಡ್ಲೆಯ ಚಿನ್ನವನ್ನು ಸೆಕೆಂಡಿನ ಸಾವಿರದಲ್ಲಿ ಎರಡು ಭಾಗದ ಅಂತರದಿಂದ ಸ್ವೀಡನ್ನಿನ ಗುನ್ನಾರ್ ಲಾರ್ಸನ್‌ಗೆ ಕೊಟ್ಟರು. ಟಿಮ್ ಮೆಕ್ಕೀ ಎಂಬ ಅಮೆರಿಕನ್‌ಗೆ ಬೆಳ್ಳಿ. ಆ ಮೇಲೆ ನಿಯಮ ಬದಲಾಯಿತು. ನೂರನೆಯ ಒಂದು ಭಾಗದವರೆಗೆ ಮಾತ್ರ ಎಣಿಸಬೇಕು, ಅಲ್ಲಿಗೂ ಸಮವಾದರೆ ಇಬ್ಬರಿಗೂ ಪದಕ ಕೊಡಬೇಕು. ಅಷ್ಟು ಸಣ್ಣ ಅಂತರವನ್ನು ಗಡಿಯಾರ ಅಳೆಯಬಲ್ಲದು. ಆದರೆ ಎಂಟು ಲೇನುಗಳನ್ನೂ ಅಷ್ಟು ಕರಾರುವಾಕ್ಕಾಗಿ ಒಂದೇ ಉದ್ದಕ್ಕೆ ಕಟ್ಟಲು ಮನುಷ್ಯನಿಗೆ ಆಗುವುದಿಲ್ಲ. ಅಳೆಯುವ ಶಕ್ತಿ ಇದೆಯೆಂದು ಕೊನೆಯವರೆಗೂ ಅಳೆಯುವುದು ನ್ಯಾಯವಲ್ಲ ಎಂದು ಈಜಿನ ಅಧಿಕಾರಿಗಳೇ ಒಪ್ಪಿದರು. ಮಕ್ಕಳ ಅಂಕಪಟ್ಟಿ ಹಿಡಿದು ದಶಮಾಂಶ ನೋಡುವ ನಾವು ಇನ್ನೂ ಒಪ್ಪಿಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮದೇ ಬೆಂಗಳೂರಿನ ಶ್ರೀಹರಿ ನಟರಾಜ್ ಅವರ ವಿಷಯದಲ್ಲೂ ಹೀಗೆಯೇ ಕೂದಲೆಳೆಯ ಲೆಕ್ಕವಿತ್ತು. ಟೋಕಿಯೋ ಒಲಿಂಪಿಕ್ಸ್‌ಗೆ 100 ಮೀಟರ್ ಬ್ಯಾಕ್‌ಸ್ಟ್ರೋಕ್‌ನಲ್ಲಿ ನೇರ ಅರ್ಹತೆಗೆ 53.85 ಸೆಕೆಂಡ್ ಬೇಕಿತ್ತು. 2021ರ ಜೂನ್‌ನಲ್ಲಿ ರೋಮ್ ನಗರದಲ್ಲಿ ಅವರು 53.77ರಲ್ಲಿ ಈಜಿದರು. ಅಂತರ ಸೆಕೆಂಡಿನ ನೂರರಲ್ಲಿ ಎಂಟು ಭಾಗ. ಆ ವರ್ಷದ ಆರಂಭದಲ್ಲಷ್ಟೇ ಅವರು ತಂದೆಯನ್ನು ಕಳೆದುಕೊಂಡಿದ್ದರು. ಹಿಂತಿರುಗಿಸಬೇಕಾದ ಸಾಲ ಅದಾಗಿದ್ದರೆ ಯಾರಿಗೆ ಹಿಂತಿರುಗಿಸುವುದು? ಆದರೆ ತಂದೆ ಕೊಟ್ಟದ್ದು ಮಗನ ಭುಜದಲ್ಲಿ, ಉಸಿರಿನಲ್ಲಿ ಹಾಗೆಯೇ ಇತ್ತು. ಟೋಕಿಯೋದಲ್ಲಿ 54.31ರಲ್ಲಿ ಈಜಿ 27ನೆಯವರಾದರು. ಸೆಮಿಫೈನಲ್‌ ಸಿಗಲಿಲ್ಲ.

2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಹೋದ ಭಾರತ ತಂಡದಲ್ಲಿ ಎಲ್ಲರಿಗಿಂತ ಕಿರಿಯಳು ಬೆಂಗಳೂರಿನ ಧಿನಿಧಿ ದೇಸಿಂಘು. ವಯಸ್ಸು 14. ಇವಳನ್ನು ಕೊಳಕ್ಕೆ ಸೇರಿಸಿದ್ದೂ ಪದಕಕ್ಕಾಗಿ ಅಲ್ಲ. ಬಹಳ ಸಂಕೋಚದ ಮಗು, ಬೇರೆ ಮಕ್ಕಳ ಜೊತೆ ಬೆರೆಯಲಿ ಎಂದು ತಂದೆತಾಯಿ ಸೇರಿಸಿದ್ದರು. ಮೊದಮೊದಲು ನೀರೆಂದರೆ ಅವಳಿಗೆ ಬೇಡವಾಗಿತ್ತಂತೆ. ಪ್ಯಾರಿಸ್‌ನಲ್ಲಿ ನಿಶಾ ಈಜಿದ ಅದೇ 200 ಮೀಟರ್ ಫ್ರೀಸ್ಟೈಲ್ ಅನ್ನು 2 ನಿಮಿಷ 6.96 ಸೆಕೆಂಡ್‌ನಲ್ಲಿ ಈಜಿ 23ನೆಯ ಸ್ಥಾನ ಪಡೆದಳು. ಒಬ್ಬಳು ಮುಳುಗದಿರಲಿ ಎಂದು, ಇನ್ನೊಬ್ಬಳು ಒಂಟಿಯಾಗದಿರಲಿ ಎಂದು. ಎರಡು ಮನೆಗಳೂ ಕೇಳಿದ್ದು ಸಣ್ಣದನ್ನು, ಸಿಕ್ಕಿದ್ದು ದೊಡ್ಡದು.

ಇನ್ನೊಂದು ಗಂಟು ಉಳಿದಿದೆ. ತಂದೆ ತನ್ನ ಬೆವರಿನದನ್ನು ಕೊಟ್ಟರೆ ಅದು ಕೊಡುಗೆ. ತಮ್ಮನಿಗೂ ಸೇರಬೇಕಾದ ಸೈಟನ್ನು ಅಕ್ಕನಿಗಾಗಿ ಮಾರಿದರೆ? ಅಲ್ಲಿ ಕೊಡುತ್ತಿರುವವನು ಅಂಗಳದಲ್ಲಿ ಚೆಂಡು ಒದೆಯುವ ಹುಡುಗನೂ ಹೌದು. ಅವನನ್ನು ಯಾರೂ ಕೇಳಿಲ್ಲ. ತಾಯಿ ಬೆಂಗಳೂರಿಗೆ ಹೋದರೆ ಅವನು ಕೊಡುವುದು ಬರೀ ಸೈಟಿನ ಪಾಲಲ್ಲ, ತಾಯಿಯನ್ನೂ. ಪ್ರತಿಭೆ ಇರುವ ಮಗುವಿಗೆ ಹೆಚ್ಚು ಕೊಡುವುದು ತಪ್ಪಲ್ಲ. ಕಾಯಿಲೆಯ ಮಗುವಿಗೂ ಹೆಚ್ಚು ಕೊಡುತ್ತೇವೆ. ಆದರೆ ಕಾಯಿಲೆಯ ಮಗುವಿಗೆ ಕೊಡುವಾಗ ಮನೆಯವರೆಲ್ಲ ಒಂದಾಗುತ್ತಾರೆ. ಪ್ರತಿಭೆಯ ಮಗುವಿಗೆ ಕೊಡುವಾಗ ಎಷ್ಟೋ ಮನೆಗಳು ಎರಡಾಗುತ್ತವೆ. ಇದನ್ನು ಜೋಸೆಫನಿಗೆ ಬಣ್ಣದ ಅಂಗಿ ಹೊಲಿಸಿದ ಯಕೋಬನ ಮನೆಯಲ್ಲೇ ನೋಡಿದ್ದೇವೆ.

ಮುಂದಿನ ವಾರ ಆ ಕುಟುಂಬ ಮತ್ತೆ ಬಂದಾಗ ನಾನು ಮನಸ್ಸಿನಲ್ಲಿದ್ದದ್ದನ್ನು ಹೇಳಿದೆ. ಸೈಟು ಈಗ ಮಾರಬೇಡಿ. ಇನ್ನೊಂದೆರಡು ವರ್ಷ ಇಲ್ಲಿಯೇ ಈಜಲಿ. ಅಷ್ಟರೊಳಗೆ ಈ ಈಜು ನಿಮ್ಮದೋ ಅವಳದೋ ಎಂಬುದು ಅವಳಿಗೇ ಗೊತ್ತಾಗುತ್ತದೆ. ಅವಳದೇ ಆಗಿದ್ದರೆ, ಆಗಲೂ ಕೈಲಾಗುವಷ್ಟು ಕೊಡಿ. "ನೀನು ನಮ್ಮನ್ನು ನೋಡಿಕೊಳ್ಳಬೇಕು" ಎಂಬ ಮಾತನ್ನು ಅದಕ್ಕೆ ಕಟ್ಟಬೇಡಿ. ಶಸ್ತ್ರಚಿಕಿತ್ಸೆ ಮುಗಿದ ಮೇಲೆ ನಿಶಾ ಮತ್ತೆ ನೀರಿಗೆ ಇಳಿದರಲ್ಲ, ಆ ಇಪ್ಪತ್ತರ ವಯಸ್ಸಿನಲ್ಲಿ ಅದು ತಂದೆಯ ಹಟ ಆಗಿರಲು ಸಾಧ್ಯವಿಲ್ಲ. ಎಲ್ಲೋ ನಡುವೆ ಆ ಈಜು ಕೈ ಬದಲಾಯಿಸಿತ್ತು. ಪದಕಗಳ ಕಾಲ ಮುಗಿದ ಮೇಲೆ ಅವರು ಬೆಂಗಳೂರಿನಲ್ಲಿ ಈಜು ಶಾಲೆ ತೆರೆದು, ಮಕ್ಕಳಿಗೆ ಮಾತ್ರವಲ್ಲ, ನೀರಿಗೆ ಹೆದರುವ ದೊಡ್ಡವರಿಗೂ ಕಲಿಸತೊಡಗಿದರು. ತಂದೆ ಶೆಣೈ ನಗರದಲ್ಲಿ ಒಂದು ಮಗುವಿಗೆ ಕೊಟ್ಟದ್ದು ತಂದೆಗೆ ವಾಪಸು ಹೋಗಲಿಲ್ಲ, ಮುಂದಕ್ಕೆ ಹೋಯಿತು.

ತಾಯಿಗೆ ನನ್ನ ಮಾತು ಹಿಡಿಸಲಿಲ್ಲ. "ನಿಮಗೇನು ಸ್ವಾಮಿ, ಹೇಳೋದು ಸುಲಭ. ಎರಡು ವರ್ಷ ಕಳೆದ್ರೆ ವಯಸ್ಸೇ ದಾಟಿಹೋಗತ್ತೆ. ಆಮೇಲೆ ನಮ್ಮ ಮಗಳು ನಮ್ಮನ್ನೇ ಕೇಳಿದ್ರೆ ಏನು ಹೇಳ್ಲಿ?" ಎಂದರು. ಈಜಿನಲ್ಲಿ ವಯಸ್ಸಿನ ಮಾತು ಸುಳ್ಳಲ್ಲ. ಆ ಎರಡು ವರ್ಷ ನಿಜವಾಗಿಯೂ ದೊಡ್ಡದು. ನನ್ನ ಬಳಿ ಇದಕ್ಕೆ ಪೂರ್ತಿ ಉತ್ತರವಿರಲಿಲ್ಲ, ಇಂದಿಗೂ ಇಲ್ಲ. ನನ್ನ ತಾಯಿ ನೆನಪಾದರು. ಹತ್ತನೆಯ ತರಗತಿ ಮುಗಿಸಿದ ಹಿರಿಯ ಮಗನನ್ನು, ದುಡಿದು ತಂದುಹಾಕಬೇಕಾದವನನ್ನು, ಅವರು ಗುರುಮಠಕ್ಕೆ ಕಳುಹಿಸಿಕೊಟ್ಟರು. ನಡುವೆ ಒಂದು ವರ್ಷ ನಾನು ಬಿಟ್ಟು ಬರುತ್ತೇನೆಂದು ಕಾಗದ ಬರೆದಾಗ, "ಬರುವುದಾದರೆ ಬಾ, ಅನ್ನಕ್ಕೆ ಕೊರತೆಯಿಲ್ಲ" ಎಂದಷ್ಟೇ ಬರೆಸಿದ್ದರು. ನಾನು ಉಳಿದೆ. ಇದನ್ನು ಆ ತಾಯಿಗೆ ಹೇಳಬೇಕೆನಿಸಿತು, ಹೇಳಲಿಲ್ಲ. ಅವರ ಕಷ್ಟವೇ ಬೇರೆ.

ಸದ್ಯಕ್ಕೆ ಸೈಟು ಉಳಿದಿದೆ. ಹುಡುಗಿ ಸರಸ್ವತಿಪುರಂನಲ್ಲಿಯೇ ಈಜುತ್ತಿದ್ದಾಳೆ. ಮೊನ್ನೆ ಪೂಜೆ ಮುಗಿದ ಮೇಲೆ ತಂದೆ ನಾಚಿಕೊಂಡೇ ಒಂದು ವಿಷಯ ಹೇಳಿದರು. ನಲವತ್ತೆರಡನೆಯ ವಯಸ್ಸಿನಲ್ಲಿ ಅವರೂ ದೊಡ್ಡವರ ಬ್ಯಾಚಿಗೆ ಸೇರಿದ್ದಾರೆ. ಹದಿನೈದು ದಿನವಾದರೂ ಕಂಬಿ ಬಿಡಲು ಧೈರ್ಯ ಬಂದಿಲ್ಲ. "ಇವಳು ದಡದಲ್ಲಿ ನಿಂತು ನಗ್ತಾಳೆ ಸ್ವಾಮಿ. ಉಸಿರು ಬಿಡಪ್ಪಾ, ಉಸಿರು ಬಿಡು ಅಂತ ನಂಗೇ ಬೈತಾಳೆ," ಎಂದರು. ತಮ್ಮನೂ ಬರುತ್ತಾನೆಯೇ ಎಂದು ಕೇಳಿದೆ. ಅವನಿಗೆ ಮುಂದಿನ ತಿಂಗಳಿನಿಂದ ಎಂದರು.